ಮೌಂಟನ್ ಬೈಕಿಗೆ ಹೊಸ ಚೈನ್‌ರಿಂಗ್: ಹಲ್ಲಿನ ಲೆಕ್ಕ ಕೊನೆಗೆ ಇರಲಿ

"ಮುಂದಿನ ರಿಂಗ್ ಸವೆದಿದೆ, 32 ಹಲ್ಲಿನದು ಹಾಕಿಸಲಾ, 34 ಹಾಕಿಸಲಾ?" ಚೈನ್‌ರಿಂಗ್, ಅಂದರೆ ಪೆಡಲ್ ಪಕ್ಕದಲ್ಲಿ ಚೈನ್ ಎಳೆಯುವ ಹಲ್ಲಿನ ಚಕ್ರ, ಬದಲಾಯಿಸಬೇಕು ಎಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ನನ್ನ ಪ್ರಕಾರ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ರಿಂಗ್ ನಿಜಕ್ಕೂ ಸವೆದಿದೆಯಾ, ಸವೆದಿದ್ದರೆ ನಿಮ್ಮ ಕ್ರ್ಯಾಂಕಿಗೆ (ಪೆಡಲ್ ಹಿಡಿದಿರುವ ತೋಳಿಗೆ) ಯಾವುದು ಕೂರುತ್ತದೆ, ನೀವು ಯಾವ ಮಣ್ಣಲ್ಲಿ ಓಡಿಸುತ್ತೀರಿ, ಇವು ಮೊದಲು. ಇಷ್ಟು ಗೊತ್ತಾದರೆ ಹಲ್ಲಿನ ಲೆಕ್ಕ ಐದು ನಿಮಿಷದ ಕೆಲಸ. ಗೊತ್ತಿಲ್ಲದೆ ಆನ್‌ಲೈನಲ್ಲಿ ತರಿಸಿದರೆ ಆ ರಿಂಗ್ ಗೋಡೆಗೆ ನೇತು ಹಾಕೋಕೆ ಲಾಯಕ್ಕು, ಅಷ್ಟೇ.

ಮಣ್ಣಿನ ಮಾತು ಯಾಕೆ ಬಂತು ಅಂದರೆ, ಬೆಳಗಾವಿ, ಬಾಗಲಕೋಟೆ, ವಿಜಯಪುರ ನಕ್ಷೆಯಲ್ಲಿ ಅಕ್ಕಪಕ್ಕ ಇದ್ದರೂ ಸೈಕಲ್ಲಿನ ಪಾಲಿಗೆ ಮೂರೂ ಬೇರೆ ಬೇರೆ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಕಡೆ ಹೋದರೆ ಕಾಡು, ಏರು, ಕೆಂಪು ಮಣ್ಣು, ಮಳೆಗಾಲದಲ್ಲಿ ಬಿಡದೆ ಸುರಿಯುವ ನೀರು. ಬಾದಾಮಿ ಸುತ್ತ ಮರಳುಗಲ್ಲಿನ ಗುಡ್ಡಗಳು, ಚೈನಿನೊಳಗೆ ಹೊಕ್ಕು ಕೂರುವ ಸಣ್ಣ ಮರಳು. ವಿಜಯಪುರದಲ್ಲಿ ಬಯಲು, ಗಾಳಿ, ಎರೆಮಣ್ಣು. ಒಂದೇ ರಿಂಗ್ ಎಲ್ಲ ಕಡೆಗೂ ಸರಿ ಅನ್ನುವವರ ಮಾತು ನಂಬಬೇಡಿ.

ಸವೆದಿರೋದು ರಿಂಗೇನಾ?

ಏರಿನಲ್ಲಿ ಜೋರಾಗಿ ತುಳಿದಾಗ ಚೈನ್ 'ಟಕ್' ಎಂದು ಜಿಗಿಯುತ್ತದೆ. ಜನ ತಕ್ಷಣ ಮುಂದಿನ ರಿಂಗ್ ಮೇಲೆ ಅನುಮಾನ ಪಡುತ್ತಾರೆ. ಆದರೆ ಬಹಳ ಸಲ ಜಿಗಿಯುತ್ತಿರುವುದು ಹಿಂದಿನ ಕ್ಯಾಸೆಟ್ (ಹಿಂದಿನ ಚಕ್ರದ ಗೇರ್‌ಗಳ ಗುಚ್ಛ) ಮೇಲೆ, ಅದರಲ್ಲೂ ಹಳೇ ಕ್ಯಾಸೆಟ್‌ಗೆ ಹೊಸ ಚೈನ್ ಹಾಕಿದ್ದರೆ. ಯಾವ ಗೇರಿನಲ್ಲಿ ಜಿಗಿಯುತ್ತದೆ ನೋಡಿ. ಹಿಂದೆ ಒಂದೆರಡು ಗೇರಿನಲ್ಲಿ ಮಾತ್ರ ಆದರೆ ಕ್ಯಾಸೆಟ್. ಹಿಂದೆ ಯಾವುದೇ ಗೇರ್ ಇರಲಿ, ಮುಂದಿನ ಒಂದು ರಿಂಗಿನಲ್ಲಿ ಮಾತ್ರ ಆದರೆ ಆಗ ರಿಂಗ್.

ಇನ್ನೊಂದು ಗುರುತು, ಚೈನ್ ರಿಂಗಿನ ಕೆಳಭಾಗದಲ್ಲಿ ಬಿಟ್ಟುಕೊಳ್ಳದೆ ಹಲ್ಲಿಗೇ ಅಂಟಿಕೊಂಡು ಮೇಲೆ ಬಂದು ಫ್ರೇಮಿಗೂ ರಿಂಗಿಗೂ ನಡುವೆ ಸಿಕ್ಕಿಹಾಕಿಕೊಳ್ಳುವುದು. ಇದಕ್ಕೆ ಚೈನ್ ಸಕ್ ಅಂತಾರೆ. ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ, ಅಥವಾ ಸುಮ್ನೆ ಕೆಸರು ತುಂಬಿದ್ದರೂ ಆಗುತ್ತದೆ. ತೊಳೆದ ಮೇಲೂ ಆದರೆ ರಿಂಗಿನ ಆಯಸ್ಸು ಮುಗಿಯಿತು ಅಂತಲೇ ಅರ್ಥ.

ಹಲ್ಲನ್ನು ಪಕ್ಕದಿಂದ ನೋಡಿ. ಹೊಸ ಹಲ್ಲಿನ ಎರಡೂ ಬದಿ ಒಂದೇ ಥರ ಇರುತ್ತದೆ. ಸವೆದ ಹಲ್ಲಿನಲ್ಲಿ ಚೈನ್ ಎಳೆಯುವ ಬದಿ ಒಳಗೆ ಕೊರೆದು, ತುದಿ ಚೂಪಾಗಿ ಒಂದೇ ಕಡೆ ವಾಲಿರುತ್ತದೆ. ಆದರೆ ಒಂದು ಎಚ್ಚರ. ಮೂರು ರಿಂಗಿನ ಸೈಕಲ್ಲಿನಲ್ಲಿ ದೊಡ್ಡ ಮತ್ತು ನಡುವಿನ ರಿಂಗಿಗೆ ಕೆಲವು ಹಲ್ಲು ಬೇಕಂತಲೇ ಗಿಡ್ಡ, ಕೆಲವು ಓರೆ ಮಾಡಿರುತ್ತಾರೆ. ಗೇರ್ ಬದಲಾಗುವಾಗ ಚೈನ್ ಸಲೀಸಾಗಿ ಹತ್ತಿ ಇಳಿಯಲಿ ಅಂತ. "ನೋಡಿ, ಹಲ್ಲು ಮುರಿದಿದೆ" ಎಂದು ಅಂಗಡಿಯಲ್ಲಿ ಅದನ್ನೇ ತೋರಿಸಿದರೆ ನಕ್ಕು ಸುಮ್ಮನಾಗಿ.

ಈಗ ಚೈನ್ ಅಳೆಯಿರಿ. ಮಕ್ಕಳ 30 ಸೆಂ.ಮೀ. ಸ್ಟೀಲ್ ಸ್ಕೇಲ್ ಸಾಕು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. 20 ಕೊಂಡಿ ಎಣಿಸಿದರೆ ಹೊಸ ಚೈನಿನಲ್ಲಿ ಸರಿಯಾಗಿ 254 ಮಿ.ಮೀ. ಬರಬೇಕು. 255.3ರ ಹತ್ತಿರ ಬಂದರೆ ಅರ್ಧ ಶೇಕಡಾ ಹಿಗ್ಗಿದೆ. 11, 12 ಸ್ಪೀಡ್‌ನವರು, ಅಂದರೆ ಹಿಂದೆ ಅಷ್ಟು ಗೇರ್ ಇರುವವರು, ಆಗಲೇ ಚೈನ್ ಬದಲಿಸಬೇಕು. 8, 9, 10 ಸ್ಪೀಡ್ ಆದರೆ 255.9ರವರೆಗೆ ತಾಳಬಹುದು. ಇಷ್ಟು ಸಣ್ಣ ವ್ಯತ್ಯಾಸ ಸ್ಕೇಲಿನಲ್ಲಿ ಕಾಣೋದು ಕಷ್ಟ ಅನ್ನಿಸಿದರೆ ಚೈನ್ ಚೆಕರ್ ಒಂದು ಕೊಂಡುಬಿಡಿ, ಗೆಳೆಯರ ಗುಂಪಿಗೆಲ್ಲ ಒಂದೇ ಸಾಕು. ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಹಿಗ್ಗಿದ ಚೈನ್ ಮೇಲೆ ಹೊಸ ರಿಂಗ್ ಹಾಕಿದರೆ ಆ ಚೈನೇ ಹೊಸ ಹಲ್ಲನ್ನು ತಿಂದು ಹಾಕುತ್ತದೆ. ರಿಂಗಿಗೆ ದುಡ್ಡಿದೆ, ಚೈನಿಗೆ ಇಲ್ಲ ಅಂತಾದರೆ ಸ್ವಲ್ಪ ತಡೆದು ಎರಡನ್ನೂ ಒಟ್ಟಿಗೆ ಮಾಡಿಸಿ.

ಕ್ರ್ಯಾಂಕ್ ಯಾವುದು, ಬೋಲ್ಟ್ ಎಷ್ಟು

ಸೈಕಲ್ ಬಲಗಡೆ ಕುಳಿತು ನೋಡಿ. ರಿಂಗ್‌ಗಳನ್ನು ಹಿಡಿದಿರುವುದು ಬೋಲ್ಟಾ, ರಿವೆಟ್ಟಾ? ಕಡಿಮೆ ಬೆಲೆಯ ಎಷ್ಟೋ ಸೈಕಲ್‌ಗಳಲ್ಲಿ ಮೂರೂ ರಿಂಗ್ ಕ್ರ್ಯಾಂಕಿಗೇ ರಿವೆಟ್ ಆಗಿರುತ್ತವೆ. ಅಲ್ಲಿ ಒಂದೇ ರಿಂಗ್ ಬಿಚ್ಚಿ ಬದಲಿಸುವ ದಾರಿ ಇಲ್ಲ, ಇಡೀ ಕ್ರ್ಯಾಂಕ್‌ಸೆಟ್ಟೇ ಹೊಸದು ಬೇಕು. ಬೇಜಾರಾಗಬೇಡಿ. ಚೌಕಾಕಾರದ ಆಕ್ಸಲ್‌ಗೆ ಕೂರುವ ಸಾದಾ ಕ್ರ್ಯಾಂಕ್‌ಸೆಟ್ ಬಹಳ ದುಬಾರಿಯೇನಲ್ಲ. ಹೇಗಿದ್ದರೂ ಹೊಸದು ಬೇಕಲ್ಲ, ಈ ಸಲ ಬೋಲ್ಟ್ ಇರುವುದನ್ನೇ ಕೇಳಿ ತೊಗೊಳ್ಳಿ. ಮುಂದಿನ ಸಲ ರಿಂಗ್ ಒಂದಕ್ಕೇ ದುಡ್ಡು ಹೋಗುತ್ತದೆ.

ಬೋಲ್ಟ್ ಇದ್ದರೆ ಎಣಿಸಿ, ಆಮೇಲೆ ಅಳೆಯಿರಿ. ಬೋಲ್ಟ್‌ಗಳೆಲ್ಲ ಒಂದು ವೃತ್ತದ ಮೇಲೆ ಕೂತಿವೆ ಅಂದುಕೊಂಡರೆ ಆ ವೃತ್ತದ ಅಡ್ಡಳತೆಯೇ ಬಿಸಿಡಿ. ಅದನ್ನು ನೇರವಾಗಿ ಅಳೆಯೋಕೆ ಆಕ್ಸಲ್ ಅಡ್ಡ ಬರುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಬೋಲ್ಟಿನ ನಡುವಿನ ಅಂತರ ಅಳೆಯೋಣ, ಮಧ್ಯದಿಂದ ಮಧ್ಯಕ್ಕೆ. ನಾಲ್ಕು ಬೋಲ್ಟಿನ ಕ್ರ್ಯಾಂಕ್ ಆದರೆ ಅದನ್ನು 1.414ರಿಂದ ಗುಣಿಸಿ. 73.5 ಮಿ.ಮೀ. ಬಂದರೆ ಬಿಸಿಡಿ 104. ಮೌಂಟನ್ ಬೈಕಿನಲ್ಲಿ ಜಾಸ್ತಿ ಸಿಗುವುದು ಇದೇ. 45.3 ಬಂದರೆ 64, ಇದು ಮೂರು ರಿಂಗಿನ ಸೈಕಲ್ಲಿನಲ್ಲಿ ಒಳಗಿನ ಸಣ್ಣ ರಿಂಗಿನದು. 67.9 ಬಂದರೆ 96. ಐದು ಬೋಲ್ಟ್ ಇದ್ದರೆ 1.701ರಿಂದ ಗುಣಿಸಬೇಕು, 64.7 ಬಂದರೆ ಬಿಸಿಡಿ 110.

ಶಿಮಾನೊ ಕಂಪನಿಯ 96 ಬಿಸಿಡಿಯಲ್ಲಿ ಒಂದು ಕಿರಿಕಿರಿ ಇದೆ. ಕೆಲವು ಮಾದರಿಗಳಲ್ಲಿ ನಾಲ್ಕು ಬೋಲ್ಟಿನ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಮೇಲಿನ ಜೋಡಿ ಒಂದು ಅಳತೆ, ಪಕ್ಕದ ಜೋಡಿ ಇನ್ನೊಂದು ಅಳತೆ ಬಂದರೆ ಅದು ಅಸಮ 96. ಸಮ 96ರ ರಿಂಗ್ ಅದಕ್ಕೆ ಕೂರುವುದೇ ಇಲ್ಲ. ಅನುಮಾನ ಬಂದರೆ ಕ್ರ್ಯಾಂಕ್ ತೋಳಿನ ಒಳಬದಿ ಒರೆಸಿ ನೋಡಿ, ಎಫ್‌ಸಿ ಎಂದು ಶುರುವಾಗುವ ಮಾದರಿ ಸಂಖ್ಯೆ ಇರುತ್ತದೆ. ಅದರ ಫೋಟೋ ತೆಗೆದು ಅಂಗಡಿಗೆ ಕಳಿಸಿ. ಅರ್ಧ ಗಂಟೆಯ ಫೋನ್ ಮಾತು ಉಳಿಯುತ್ತದೆ.

ಬಿಸಿಡಿ ಗೊತ್ತಾದರೆ ಕನಿಷ್ಠ ಎಷ್ಟು ಹಲ್ಲು ಅನ್ನೋದೂ ಗೊತ್ತಾಗುತ್ತದೆ. ರಿಂಗ್ ತುಂಬ ಚಿಕ್ಕದಾದರೆ ಚೈನ್ ಬೋಲ್ಟಿಗೇ ತಾಗುತ್ತದೆ, ಅದಕ್ಕೆ. 104ಕ್ಕೆ ಸಾಮಾನ್ಯವಾಗಿ 32 ಹಲ್ಲು ಕೊನೆ. ರಿಂಗಿನಲ್ಲೇ ಥ್ರೆಡ್ ಕೊರೆದ ವಿಶೇಷ ರಿಂಗ್ ಆದರೆ 30. 64ಕ್ಕೆ 22.

ಬೋಲ್ಟ್ ವೃತ್ತವೇ ಕಾಣದೆ ರಿಂಗ್ ನೇರವಾಗಿ ಕ್ರ್ಯಾಂಕ್ ತೋಳಿಗೇ ಕೂತಿದ್ದರೆ ಅದು ಡೈರೆಕ್ಟ್ ಮೌಂಟ್. ಅದು ಒಂದೊಂದು ಕಂಪನಿಯದು ಒಂದೊಂದು ಥರ. ಸ್ರ್ಯಾಮ್‌ನಲ್ಲಿ ಹಳೆಯದಕ್ಕೆ ಮೂರು ಸ್ಕ್ರೂ, ಹೊಸದಕ್ಕೆ ಎಂಟು. ಶಿಮಾನೊ, ರೇಸ್ ಫೇಸ್ ಎರಡರದೂ ಬೇರೆ ಬೇರೆ ಹಲ್ಲುಕಚ್ಚು. ಜೊತೆಗೆ ಆಫ್‌ಸೆಟ್ ನೋಡಬೇಕು, ಅಂದರೆ ರಿಂಗ್ ಫ್ರೇಮಿನ ಕಡೆಗೆ ಎಷ್ಟು ಒಳಗೆ ಬಾಗಿದೆ ಅನ್ನೋದು. ಸ್ರ್ಯಾಮ್ ಮೂರು ಸ್ಕ್ರೂ ರಿಂಗಿನಲ್ಲಿ ಸಾಮಾನ್ಯವಾಗಿ 6 ಮಿ.ಮೀ. ಆಫ್‌ಸೆಟ್ ಹಳೇ ಅಗಲದ ಹಿಂದಿನ ಹಬ್‌ಗೆ (ಚಕ್ರದ ನಡುಭಾಗಕ್ಕೆ), 3 ಮಿ.ಮೀ. ಆದರೆ 148 ಮಿ.ಮೀ. ಅಗಲದ ಬೂಸ್ಟ್ ಹಬ್‌ಗೆ. ತಪ್ಪು ಆಫ್‌ಸೆಟ್ ರಿಂಗ್ ಕೂರುತ್ತದೆ, ತಿರುಗುತ್ತದೆ, ಆದರೆ ಚೈನ್ ಓರೆಯಾಗಿ ಓಡಿ ಅತಿ ಹಗುರ ಗೇರಿನಲ್ಲಿ ಗರಗರ ಅನ್ನುತ್ತದೆ. ಅಂಗಡಿಯಲ್ಲಿ ನಿಂತು ನೋಡಿದಾಗ ಇದು ಗೊತ್ತೇ ಆಗುವುದಿಲ್ಲ, ಏರಿಗೆ ಹೋದಾಗ ಗೊತ್ತಾಗುತ್ತದೆ.

ನಮ್ಮ ಕಡೆಗೇ ಸೇರಿದ ಒಂದು ವಿಷಯ. ವಿಜಯಪುರ, ಬಾಗಲಕೋಟೆ ಅಂದರೆ ಸೈಕಲ್ ರೇಸಿನ ಊರು. ಇಲ್ಲಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟ್‌ಗಳಿಗೆ ಕೊರತೆ ಇಲ್ಲ, ಹಾಗಾಗಿ ಹಳೇ ರಿಂಗ್ ಇಟ್ಟುಕೊಂಡಿರುವ ಗೆಳೆಯ ಯಾರಾದರೂ ಸಿಕ್ಕೇ ಸಿಗುತ್ತಾನೆ. ಪುಕ್ಕಟೆ ಕೊಟ್ಟರೂ ಹಿಗ್ಗಬೇಡಿ. ಅದು ರೋಡ್ ಬೈಕಿನದಾದರೆ ಬಿಸಿಡಿ 130 ಅಥವಾ 110, ದೊಡ್ಡ ರಿಂಗಿನ ಹಲ್ಲು 50ರ ಆಸುಪಾಸು. ಟ್ರ್ಯಾಕ್ ಸೈಕಲ್ಲಿನದಾದರೆ ಹಲ್ಲಿನ ದಪ್ಪವೇ ಜಾಸ್ತಿ ಇರಬಹುದು, ಗೇರ್ ಸೈಕಲ್ಲಿನ ಸಪೂರ ಚೈನ್ ಅದರ ಮೇಲೆ ಇಳಿಯುವುದೇ ಇಲ್ಲ. ಮೌಂಟನ್ ಬೈಕಿಗೆ ಎರಡೂ ದಂಡ.

ಸ್ಪೀಡ್ ಹೊಂದಿಕೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ರಿಂಗಿನ ಸೈಕಲ್ ಆದರೆ 9, 10, 11 ಸ್ಪೀಡ್ ಚೈನ್‌ಗಳು ಬಹಳಷ್ಟು ರಿಂಗ್‌ಗಳ ಮೇಲೆ ಹೊಂದಿಕೊಂಡು ಓಡುತ್ತವೆ. ಶಿಮಾನೊ 12 ಸ್ಪೀಡ್ ಮಾತ್ರ ಬೇರೆ. ಅದರ ಚೈನಿನ ಒಳಭಾಗದ ಆಕಾರವೇ ಬೇರೆ, ರಿಂಗಿನ ಪೊಟ್ಟಣದ ಮೇಲೆ ಆ ಚೈನಿಗೆ ಸರಿ ಎಂದು ಸ್ಪಷ್ಟವಾಗಿ ಬರೆದಿರಬೇಕು.

ಹಲ್ಲು ಎಷ್ಟು?

ಈಗ ಬಂತು ನಿಮ್ಮ ಪ್ರಶ್ನೆ. 32ರಿಂದ 34ಕ್ಕೆ ಹೋದರೆ ಆಗುವ ವ್ಯತ್ಯಾಸ ಸುಮಾರು 6 ಶೇಕಡಾ. ಹಿಂದಿನ ಕ್ಯಾಸೆಟ್‌ನಲ್ಲಿ ಒಂದು ಗೇರ್ ಬದಲಿಸಿದರೆ ಸಾಮಾನ್ಯವಾಗಿ ಅದರ ಎರಡರಷ್ಟು ಬದಲಾಗುತ್ತದೆ. ಅಂದರೆ ಜನ ಗಂಟೆಗಟ್ಟಲೆ ವಾದ ಮಾಡುತ್ತಿರುವುದು ಅರ್ಧ ಗೇರಿಗೆ! ಆ ಅರ್ಧ ಗೇರ್ ಲೆಕ್ಕಕ್ಕೆ ಬರುವುದು ಎರಡೇ ಕಡೆ, ನಿಮ್ಮ ಅತಿ ಕಷ್ಟದ ಏರಿನಲ್ಲಿ ಮತ್ತು ಅತಿ ಜೋರಿನ ಓಟದಲ್ಲಿ. ನಾನಂತೂ ಏರನ್ನೇ ಹಿಡಿಯಿರಿ ಅನ್ನುತ್ತೇನೆ. ಇಳಿಜಾರಿನಲ್ಲಿ ಗೇರ್ ಸಾಲದಿದ್ದರೆ ಕಾಲು ಸುಮ್ನೆ ಇಟ್ಟುಕೊಂಡು ಇಳಿಯಬಹುದು, ಏರಿನಲ್ಲಿ ಸಾಲದಿದ್ದರೆ ಇಳಿದು ತಳ್ಳಬೇಕು.

ಲೆಕ್ಕ ಹೀಗೆ. 27.5 ಇಂಚಿನ ಚಕ್ರ, 2.1ರ ಟಯರ್ ಒಂದು ಸುತ್ತಿಗೆ ಸುಮಾರು 2.15 ಮೀಟರ್ ಹೋಗುತ್ತದೆ. ಮುಂದೆ 32, ಹಿಂದೆ 11 ಇಟ್ಟು ನಿಮಿಷಕ್ಕೆ 80 ಸಲ ಪೆಡಲ್ ತಿರುಗಿಸಿದರೆ ಗಂಟೆಗೆ ಸುಮಾರು 30 ಕಿ.ಮೀ. 36 ಹಾಕಿದರೆ 33-34. ಇನ್ನು ಏರು. ಮುಂದೆ 32, ಹಿಂದೆ 34, ನಿಮಿಷಕ್ಕೆ 60 ಸಲ ಆದರೆ ಗಂಟೆಗೆ 7.3 ಕಿ.ಮೀ. ವೇಗದಲ್ಲಿ ಹತ್ತಲೇಬೇಕು. ಹಿಂದೆ 42 ಇದ್ದರೆ 5.9. ಹಳೇ ಮೂರು ರಿಂಗಿನ ಸೈಕಲ್ಲಿನ 22-34 ಆದರೆ 5. ಅದಕ್ಕಿಂತ ನಿಧಾನ ಹೋಗಬೇಕಾದರೆ ಕಾಲು ನಿಮಿಷಕ್ಕೆ 60ಕ್ಕಿಂತ ಕಡಿಮೆ ತಿರುಗುತ್ತದೆ, ಮೊಣಕಾಲು ದೂರು ಕೊಡೋಕೆ ಶುರು ಮಾಡುತ್ತದೆ.

ಇದನ್ನು ನಿಮ್ಮ ದಾರಿಗೆ ಹೊಂದಿಸಿ. ಯಳ್ಳೂರಿನ ರಾಜಹಂಸಗಡ ಹತ್ತುವವರು, ಚೋರ್ಲಾ ಘಾಟ್‌ನಲ್ಲಿ ಗೋವಾ ಕಡೆ ಇಳಿದು ಅದೇ ದಿನ ವಾಪಸ್ ಏರಿ ಬರುವವರು, ಜಾಂಬೋಟಿ ಕಡೆ ಕಾಡಿನ ಕಚ್ಚಾ ದಾರಿ ಹಿಡಿಯುವವರು, ಒಂದೇ ರಿಂಗಿನ ಸೈಕಲ್ ಆದರೆ 30 ಅಥವಾ 32 ಇಟ್ಟುಕೊಳ್ಳಿ. ಹಿಂದಿನ ದೊಡ್ಡ ಗೇರ್ 42 ಇಲ್ಲವೇ ಅದಕ್ಕಿಂತ ಜಾಸ್ತಿ ಇರಲಿ. ಹಿಂದೆ 34 ಮಾತ್ರ ಇದ್ದು ಮುಂದೆ ಒಂದೇ ರಿಂಗ್ ಮಾಡಿಸುತ್ತೇನೆ ಅಂದರೆ, ಬೆಳಗಾವಿ ಪಶ್ಚಿಮಕ್ಕೆ ಹೋಗುವವರಿಗೆ ನಾನು ಬೇಡ ಅಂತಲೇ ಹೇಳುವುದು. ಮೂರು ರಿಂಗೇ ಇರಲಿ. ಹಳೇ ಫ್ಯಾಷನ್ ಅನ್ನಿಸಿಕೊಂಡರೂ ಆ 22 ಹಲ್ಲಿನ ಸಣ್ಣ ರಿಂಗ್ ಘಾಟಿನಲ್ಲಿ ದೇವರು.

ವಿಜಯಪುರದ ಬಯಲಿಗೆ 34 ಅಥವಾ 36 ಸರಿ ಅನ್ನಿಸುತ್ತದೆ, ಏರೇ ಇಲ್ಲವಲ್ಲ. ಆದರೆ ಆಷಾಢದ ಗಾಳಿ ಮರೆಯಬೇಡಿ. ಆ ದಿನಗಳಲ್ಲಿ ಟಿಕೋಟಾ ಕಡೆಗೆ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ಹೊರಟರೆ ಸಮತಟ್ಟಾದ ದಾರಿಯೂ ಏರೇ. ಆಗ 36ರವರು ಕ್ಯಾಸೆಟ್ಟಿನ ನಡುವಿನ ಗೇರಿನಲ್ಲೇ ಓಡಿಸುತ್ತಾರೆ, ದೊಡ್ಡ ರಿಂಗಿನ ಲಾಭ ಗಾಳಿಗೆ ಹೋಯಿತು. 34 ಒಳ್ಳೆಯ ನಡುಮಾರ್ಗ. ಬಾದಾಮಿ, ಗುಳೇದಗುಡ್ಡ ಕಡೆಯವರಿಗೆ ಏರು ಉದ್ದ ಇಲ್ಲ, ಆದರೆ ಕಲ್ಲು, ಸಡಿಲ ಮರಳು. ಅಲ್ಲಿ 32.

ರಿಂಗ್ ದೊಡ್ಡದು ಮಾಡುವ ಮೊದಲು ಎರಡು ನೋಡಿ. ಒಂದು, ಫ್ರೇಮಿನ ಕೆಳಕೊಳವೆಗೆ ತಾಗುತ್ತದೆಯಾ. ಈಗಿನ ರಿಂಗಿಗೂ ಕೊಳವೆಗೂ ನಡುವೆ ಎಷ್ಟು ಜಾಗ ಇದೆ ನೋಡಿ, ಎರಡು ಹಲ್ಲು ಜಾಸ್ತಿಯಾದರೆ ಅರ್ಧ ವ್ಯಾಸ ಸುಮಾರು 4 ಮಿ.ಮೀ. ಬೆಳೆಯುತ್ತದೆ. ಇನ್ನೊಂದು, ಚೈನ್ ಉದ್ದ. ಮುಂದೆ ದೊಡ್ಡದು, ಹಿಂದೆಯೂ ದೊಡ್ಡದಕ್ಕೆ ಕೈಯಲ್ಲಿ ನಿಧಾನವಾಗಿ ತಿರುಗಿಸಿ ಹಾಕಿ ನೋಡಿ. ಹಿಂದಿನ ಡಿರೇಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸುವ ಭಾಗ) ಬಿಗಿದು ನೆಟ್ಟಗಾಗಿಬಿಟ್ಟರೆ ಚೈನ್ ಸಾಲದು. ದಾರಿಯಲ್ಲಿ ಹಾಗಾದರೆ ಡಿರೇಲರ್ ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಸಮೇತ ಕಿತ್ತು ಬರುತ್ತದೆ.

ಮೂರು ರಿಂಗಿನವರು ಮೊದಲಿದ್ದ ಹಲ್ಲಿನ ಸಂಖ್ಯೆಯನ್ನೇ ಹಾಕಿ. 42-32-22 ಇದ್ದರೆ ಅದೇ. ಗೇರ್ ಹತ್ತಿ ಇಳಿಯುವ ಮೆಟ್ಟಿಲುಗಳನ್ನು ಆ ಜೋಡಿಗೆ ಹೊಂದಿಸಿಯೇ ಮಾಡಿರುತ್ತಾರೆ. ಅನೇಕರಿಗೆ ನಡುವಿನದು ಮಾತ್ರ ಸವೆದಿರುತ್ತದೆ, ಅದೊಂದನ್ನೇ ಬದಲಿಸಿದರೆ ಸಾಕು.

ಹಾಗೇ ನ್ಯಾರೋ-ವೈಡ್ ರಿಂಗ್. ಒಂದು ಹಲ್ಲು ದಪ್ಪ, ಒಂದು ಸಪೂರ, ಚೈನಿನ ಅಗಲ-ಕಿರಿದು ಕೊಂಡಿಗೆ ಸರಿಯಾಗಿ. ಸ್ರ್ಯಾಮ್ 2012ರಲ್ಲಿ ತನ್ನ ಎಕ್ಸ್‌ಎಕ್ಸ್1 ಗೇರ್ ಸೆಟ್ ಜೊತೆ ಇದನ್ನು ತಂದ ಮೇಲೆ ಎಲ್ಲರೂ ಮಾಡತೊಡಗಿದರು. ಒಂದೇ ರಿಂಗಿನ ಸೈಕಲ್ಲಿಗೆ ಇದೇ ಬೇಕು, ಕಲ್ಲುದಾರಿಯಲ್ಲಿ ಚೈನ್ ಬೀಳುವುದು ತುಂಬ ಕಡಿಮೆಯಾಗುತ್ತದೆ. ಮುಂದಿನ ಡಿರೇಲರ್ ಇರುವ ಸೈಕಲ್ಲಿಗೆ ಹಾಕಲೇಬೇಡಿ, ಚೈನ್ ಹತ್ತುವುದಿಲ್ಲ. ಅಂಡಾಕಾರದ ರಿಂಗ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಕೆಲವರಿಗೆ ಹಿತ, ಕೆಲವರಿಗೆ ಕಿರಿಕಿರಿ. ಗೆಳೆಯರ ಸೈಕಲ್ಲಿನಲ್ಲಿ ಓಡಿಸಿ ನೋಡದೆ ದುಡ್ಡು ಹಾಕಬೇಡಿ.

ಸ್ಟೀಲಾ, ಅಲ್ಯೂಮಿನಿಯಮ್ಮಾ?

ಜಗತ್ತೆಲ್ಲ ಹಗುರ ಬೇಕು ಅನ್ನುತ್ತದೆ. ನಮ್ಮ ಎರೆಮಣ್ಣಿನಲ್ಲಿ ನಾನು ಸ್ಟೀಲಿನ ಕಡೆ. ಡೋಣಿ ನದಿಯ ಆಸುಪಾಸಿನ ಹೊಲದ ದಾರಿಯಲ್ಲಿ ಒಂದು ಮಳೆ ಬಿದ್ದ ಮೇಲೆ ಹೋಗಿ ನೋಡಿ. ಮಣ್ಣು ಟಯರಿಗೆ ಮೆತ್ತಿ, ಫ್ರೇಮಿಗೆ ತುಂಬಿ, ಚೈನಿನ ಜೊತೆ ಸುತ್ತಿಕೊಂಡು ಕೊನೆಗೆ ಚಕ್ರವೇ ತಿರುಗುವುದಿಲ್ಲ. ಅದರಲ್ಲಿ ಬಲವಂತವಾಗಿ ತುಳಿದರೆ ಯಾವ ರಿಂಗೂ ಉಳಿಯುವುದಿಲ್ಲ, ಅಲ್ಯೂಮಿನಿಯಂ ಇನ್ನೂ ಬೇಗ ಹೋಗುತ್ತದೆ. ಬಾದಾಮಿಯ ಮರಳಿನದು ಬೇರೆ ಕಥೆ. ಆ ಮರಳು ಬಹುಪಾಲು ಸ್ಫಟಿಕ ಶಿಲೆಯ ಹರಳು, ಸ್ಟೀಲಿಗಿಂತಲೂ ಗಟ್ಟಿ. ಎಣ್ಣೆಗೆ ಅಂಟಿಕೊಂಡು ಒರಳಿನಲ್ಲಿ ಖಾರ ಅರೆದ ಹಾಗೆ ಹಲ್ಲನ್ನು ಅರೆಯುತ್ತದೆ. ಚೈನಿಗೆ ಹಳೇ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ದಯವಿಟ್ಟು ಬಿಡಿ. ಒಣ ಧೂಳಿಗೆ ಮೇಣದ ಲ್ಯೂಬ್, ಹಚ್ಚಿದ ಮೇಲೆ ಹೊರಗಡೆ ಒರೆಸಿಬಿಡಿ.

ಸ್ಟೀಲ್ ಎಲ್ಲ ಅಳತೆಯಲ್ಲೂ ಸಿಗುವುದಿಲ್ಲ. ಸಿಗದಿದ್ದರೆ 7075 ಎಂದು ಬರೆದಿರುವ ಅಲ್ಯೂಮಿನಿಯಂ ಹುಡುಕಿ, ಸಾದಾ ಅಲ್ಯೂಮಿನಿಯಂಗಿಂತ ಗಟ್ಟಿ. ಮೂರು ರಿಂಗಿನ ಸೈಕಲ್ಲಿನಲ್ಲಿ ಸಣ್ಣದು ಮಾತ್ರ ಸ್ಟೀಲೇ ಇರಲಿ. ಹಲ್ಲು ಕಡಿಮೆ, ಎಳೆತ ಜಾಸ್ತಿ, ಅಲ್ಲಿ ಐವತ್ತು ಗ್ರಾಂ ಉಳಿಸಿ ಏನು ಮಾಡುತ್ತೀರಿ?

ಕೂರಿಸುವಾಗ

ಕ್ರ್ಯಾಂಕ್ ಬಿಚ್ಚುವ ಮೊದಲೇ ರಿಂಗ್ ಬೋಲ್ಟ್‌ಗಳನ್ನು ಸ್ವಲ್ಪ ಸಡಿಲ ಮಾಡಿ. ಕ್ರ್ಯಾಂಕ್ ಕೈಗೆ ಬಂದ ಮೇಲೆ ಹಿಡಿದುಕೊಳ್ಳೋದು ಕಷ್ಟ. 5 ಮಿ.ಮೀ. ಅಲೆನ್ ಕೀ ಸಾಕು, ಹಿಂದಿನ ನಟ್ ತಿರುಗಿದರೆ ಅದಕ್ಕೆಂದೇ ಒಂದು ಸಣ್ಣ ಪಾನಾ ಬರುತ್ತದೆ. ಚೌಕ ಆಕ್ಸಲ್ಲಿನ ಕ್ರ್ಯಾಂಕ್ ಆದರೆ ಪುಲ್ಲರ್ (ಕ್ರ್ಯಾಂಕ್ ಎಳೆದು ಬಿಚ್ಚುವ ಸಾಧನ) ಬೇಕು. ಅದನ್ನು ಕೈಯಲ್ಲೇ ಪೂರ್ತಿ ಒಳಗೆ ತಿರುಗಿಸಿ, ಆಮೇಲೆ ಪಾನಾ ಹಾಕಿ. ಅರ್ಧ ತಿರುಗಿಸಿ ಎಳೆದರೆ ಕ್ರ್ಯಾಂಕಿನ ಥ್ರೆಡ್ ಹರಿದುಹೋಗುತ್ತದೆ, ಆಮೇಲೆ ಅದನ್ನು ಬಿಚ್ಚೋದೇ ದೊಡ್ಡ ಪಂಚಾಯ್ತಿ.

ದೊಡ್ಡ ರಿಂಗಿನ ಹೊರಮುಖದಲ್ಲಿ ಒಂದು ಸಣ್ಣ ಗೂಟ ಇರುತ್ತದೆ. ಅದು ಕ್ರ್ಯಾಂಕ್ ತೋಳಿನ ಹಿಂದೆಯೇ ಬರಬೇಕು. ಚೈನ್ ಹೊರಗೆ ಬಿದ್ದರೆ ತೋಳಿಗೂ ರಿಂಗಿಗೂ ನಡುವೆ ಸಿಗದಿರಲಿ ಅಂತ. ಉಳಿದ ರಿಂಗ್‌ಗಳಲ್ಲಿ ಒಳಅಂಚಿಗೆ ಒಂದು ಸಣ್ಣ ನಾಲಿಗೆ ಚಾಚಿರುತ್ತದೆ, ಅದೂ ತೋಳಿನ ನೇರಕ್ಕೆ. ಇದನ್ನು ಅಡ್ಡಾದಿಡ್ಡಿ ಹಾಕಿದರೆ ರಿಂಗ್ ಕೂರುತ್ತದೆ, ಗೇರ್ ಮಾತ್ರ ಸರಿಯಾಗಿ ಬದಲಾಗುವುದಿಲ್ಲ. ಆಮೇಲೆ ಜನ ಡಿರೇಲರ್ ಬೈಯುತ್ತಾರೆ.

ಮೂರು ರಿಂಗಿನಿಂದ ಒಂದಕ್ಕೆ ಇಳಿದರೆ ಗಿಡ್ಡ ಬೋಲ್ಟ್ ತೊಗೊಳ್ಳಿ. ಹಳೇ ಉದ್ದದ ಬೋಲ್ಟ್ ಬಿಗಿಯಾದ ಹಾಗೆ ಅನ್ನಿಸುತ್ತದೆ, ರಿಂಗ್ ಮಾತ್ರ ಅಲುಗಾಡುತ್ತಿರುತ್ತದೆ. ಥ್ರೆಡ್ಡಿಗೆ ಚೂರು ಗ್ರೀಸ್ ಹಚ್ಚಿ, ಎದುರುಬದುರು ಬೋಲ್ಟ್‌ಗಳನ್ನು ಒಂದೊಂದು ಸುತ್ತು ಬಿಗಿಯುತ್ತ ಬನ್ನಿ. ಅಲ್ಯೂಮಿನಿಯಂ ಬೋಲ್ಟ್ ಆದರೆ 8ರಿಂದ 10 ನ್ಯೂಟನ್ ಮೀಟರ್, ಸ್ಟೀಲ್ ಆದರೆ 12ರಿಂದ 14. ಬೋಲ್ಟಿನ ಮೇಲೆ ಬೇರೆ ಸಂಖ್ಯೆ ಬರೆದಿದ್ದರೆ ಅದನ್ನೇ ನಂಬಿ. ಮುಂದಿನ ಡಿರೇಲರ್ ಇದ್ದರೆ ಅದರ ಹೊರಪಟ್ಟಿಗೂ ದೊಡ್ಡ ರಿಂಗಿನ ಹಲ್ಲಿನ ತುದಿಗೂ 1ರಿಂದ 3 ಮಿ.ಮೀ. ಅಂತರ ಇರಬೇಕು. ರಿಂಗ್ ಸಣ್ಣದು ಮಾಡಿದ್ದರೆ ಡಿರೇಲರನ್ನೂ ಅಷ್ಟು ಕೆಳಗೆ ಇಳಿಸಿ.

ಮೊದಲ ಒಂದೆರಡು ಸವಾರಿ ಆದ ಮೇಲೆ ಬೋಲ್ಟ್ ಮತ್ತೊಮ್ಮೆ ನೋಡಿ. ಪೆಡಲ್ ಒತ್ತಿದಾಗ ಲಯಕ್ಕೆ ಸರಿಯಾಗಿ 'ಕಟ್ ಕಟ್' ಅಂದರೆ ಬಿ.ಬಿ. (ಕ್ರ್ಯಾಂಕಿನ ಆಕ್ಸಲ್ ತಿರುಗುವ ಬೇರಿಂಗ್) ಹೋಯಿತು ಎಂದು ಗಾಬರಿಯಾಗಿ ಅದನ್ನು ಬಿಚ್ಚಿಸಬೇಡಿ. ಮೊದಲು ಈ ಬೋಲ್ಟ್‌ಗಳನ್ನು ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಬಿಗಿದು ನೋಡಿ.